ನೆಲದಿಂದೇಳುವ ರೋಗಗಳೂ ಮಂಗನ ಸಾಕ್ಷ್ಯವೂ

ಮಂಗನನ್ನು ಕಾಣದ ಮಗುವು ನಮ್ಮ ತೊರಪಲ್ಲಿ ಅಗ್ರಹಾರದಲ್ಲಿ ಇರಲಾರದು. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಹತ್ತುವವರು ಕೈಯಲ್ಲಿನ ಬಾಳೆಹಣ್ಣನ್ನು ಸೆರಗಿನಲ್ಲಿ ಮರೆಮಾಡಿಕೊಂಡೇ ಹತ್ತಬೇಕು. ನಮ್ಮ ಊರಿನಲ್ಲೇ 1878ರಲ್ಲಿ ಜನಿಸಿದ ಶ್ರೀ ರಾಜಗೋಪಾಲಾಚಾರ್ಯರು ರಾಮಾಯಣದ ಕಥೆಯನ್ನು ತಿಳಿಯಾದ ತಮಿಳಿನಲ್ಲಿ ಬರೆದು, ಹನುಮಂತನನ್ನು ಎಳೆಯರ ಮನಸ್ಸಿಗೆ ಹತ್ತಿರ ತಂದರು. ಇಂತಹ ಮಂಗನನ್ನು ನಮ್ಮ ಜನರು ಶನಿವಾರ ಕೈಮುಗಿದು ಪೂಜಿಸುತ್ತಾರೆ. ಭಾನುವಾರ ಅದು ಅವರೆ ಹೊಲಕ್ಕೆ ಇಳಿದರೆ ಅದೇ ಕೈಯಿಂದ ಕಲ್ಲು ಬೀರುತ್ತಾರೆ.

ಮಂಗವು ಕಾಯಿಲೆಯಿಂದ ಸತ್ತು ಬಿದ್ದಾಗಲೂ ಈ ಎರಡು ಮನೋಭಾವಗಳೇ ಮುಂದೆ ಬರುತ್ತವೆ. ಭಕ್ತಿಯುಳ್ಳವರು ಅದರ ದೇಹಕ್ಕೆ ಅರಿಸಿನ ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ಮೆರವಣಿಗೆಯಲ್ಲಿ ಹೊತ್ತೊಯ್ದು ಮಣ್ಣು ಮಾಡುತ್ತಾರೆ. ಭಯವುಳ್ಳವರು ಉಳಿದ ಮಂಗಗಳನ್ನು ಹೊಡೆದಟ್ಟಲು ಹೊರಡುತ್ತಾರೆ. "ಇದು ಸತ್ತದ್ದು ಏತರಿಂದ? ಆ ರೋಗವು ಇದಕ್ಕೆ ಎಲ್ಲಿಂದ ಬಂದಿತು?" ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳದ ಭಕ್ತಿಯೂ ಭಯವೂ ಒಂದೇ ಪ್ರಕಾರವಾಗಿ ಪ್ರಾಣಕ್ಕೆ ಅಪಾಯವನ್ನು ತರಬಲ್ಲವು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಸುವುದೇ ಈ ಪಾಠದ ಉದ್ದೇಶವಾಗಿದೆ.

1. ಮಂಗಗಳೂ ನಾವೂ

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಮಂಗಗಳು ಎರಡು ಬಗೆಯವು. ನೆತ್ತಿಯ ಮೇಲೆ ಬೈತಲೆ ತೆಗೆದು ಟೊಪ್ಪಿಗೆ ಇಟ್ಟಂತೆ ಕೂದಲಿರುವ, ಕಂದು ಬಣ್ಣದ, ಊರಿನ ಬಳಿಯಲ್ಲೇ ಬದುಕುವ ಕೋತಿ ಒಂದು. ಕಪ್ಪು ಮುಖದ, ನೀಳವಾದ ಬಾಲದ, ಎಲೆ ಚಿಗುರುಗಳನ್ನು ಮೆಲ್ಲುವ ಮುಸುವ ಇನ್ನೊಂದು. ಉತ್ತರ ಭಾರತದಲ್ಲಿ ನಮ್ಮ ಊರಕೋತಿಯ ಸ್ಥಾನದಲ್ಲಿ ರೀಸಸ್ ಎಂಬ ಗಿಡ್ಡ ಬಾಲದ ಜಾತಿಯಿದೆ. ಬಾಲವೇ ಇಲ್ಲದ ದೊಡ್ಡ ವಾನರಗಳಲ್ಲಿ ಗೊರಿಲ್ಲಾ ಮತ್ತು ಚಿಂಪಾಂಜಿಗಳು ಆಫ್ರಿಕಾ ಖಂಡದವು. ಒರಾಂಗುಟಾನ್ ಬೋರ್ನಿಯೋ ಮತ್ತು ಸುಮಾತ್ರಾ ದ್ವೀಪಗಳದು.

ದೇಹರಚನೆಯಲ್ಲಿ ಇವೆಲ್ಲವೂ ಮನುಷ್ಯನಿಗೆ ಸಮೀಪದವು. ನಮ್ಮ ರಕ್ತವನ್ನು ಪರೀಕ್ಷಿಸುವಾಗ ಹೇಳುವ "ಆರ್‌ಎಚ್" ಎಂಬ ಎರಡಕ್ಷರದ ಹೆಸರು ರೀಸಸ್ ಕೋತಿಯಿಂದಲೇ ಬಂದಿತು. 1940ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು ಆ ಕೋತಿಯ ರಕ್ತದ ಸಹಾಯದಿಂದಲೇ ಆ ಗುಣವನ್ನು ಪ್ರಕಟಪಡಿಸಿದರು. ಇಷ್ಟು ಸಾಮ್ಯವಿರುವಾಗ, ಮನುಷ್ಯನಿಗೆ ತಗಲುವ ಅನೇಕ ರೋಗಗಳು ಮಂಗಕ್ಕೂ ತಗಲುವುದು ಆಶ್ಚರ್ಯವಲ್ಲ. ಆದರೆ ಇಬ್ಬರಿಗೂ ಒಂದೇ ರೋಗ ಬಂದಿತೆಂದರೆ ಒಬ್ಬರಿಂದ ಇನ್ನೊಬ್ಬರಿಗೆ ಬಂದಿತೆಂದು ಅರ್ಥವಲ್ಲ. ಒಂದೇ ಕೆರೆಯ ಕೆಟ್ಟ ನೀರನ್ನು ಕುಡಿದ ಇಬ್ಬರಿಗೆ ಹೊಟ್ಟೆನೋವು ಬಂದರೆ, ಅವರಲ್ಲಿ ಒಬ್ಬನು ಇನ್ನೊಬ್ಬನಿಗೆ ಅದನ್ನು ಕೊಟ್ಟನೆಂದು ನಾವು ಹೇಳುವುದಿಲ್ಲ, ಕೆರೆಯನ್ನು ನೋಡುತ್ತೇವೆ. ಈ ಪಾಠದಲ್ಲಿ ಬರುವ ರೋಗಗಳಿಗೆ ನೆಲವೇ ಆ ಕೆರೆ.

2. ಮಣ್ಣಿನಲ್ಲಿ ಬಾಳುವ ಬೂಷ್ಟು

ಮಳೆಗಾಲದಲ್ಲಿ ಹಳಸಿದ ರೊಟ್ಟಿಯ ಮೇಲೆ, ಒದ್ದೆಯಾದ ಚರ್ಮದ ಚಪ್ಪಲಿಯ ಮೇಲೆ, ಉಪ್ಪು ಸಾಲದ ಉಪ್ಪಿನಕಾಯಿಯ ಮೇಲೆ ಬಿಳಿಯ ಅಥವಾ ಹಸುರು ಬಣ್ಣದ ನಯವಾದ ಪದರವು ಏಳುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅದೇ ಬೂಷ್ಟು. ಶಾಸ್ತ್ರದಲ್ಲಿ ಅದಕ್ಕೆ ಶಿಲೀಂಧ್ರವೆಂದು ಹೆಸರು. ಹುತ್ತದ ಬಳಿ ಏಳುವ ಅಣಬೆಯೂ ಇದೇ ಕುಲಕ್ಕೆ ಸೇರಿದುದು. ಇವಕ್ಕೆ ಹಸುರು ಎಲೆಯಿಲ್ಲ. ಆದ್ದರಿಂದ ಗಿಡಗಳಂತೆ ಬಿಸಿಲಿನಿಂದ ತಮ್ಮ ಆಹಾರವನ್ನು ತಾವೇ ಮಾಡಿಕೊಳ್ಳಲಾರವು. ಸತ್ತ ಎಲೆ, ಕೊಳೆತ ಕಡ್ಡಿ, ಪ್ರಾಣಿಗಳ ಸಗಣಿ ಮೊದಲಾದವುಗಳನ್ನು ಕರಗಿಸಿ ಹೀರಿಕೊಂಡು ಬದುಕುತ್ತವೆ.

ಹೊಲದ ಮಣ್ಣಿನಲ್ಲಿ ಇವುಗಳ ಎಳೆಗಳು ಕಣ್ಣಿಗೆ ಕಾಣದಂತೆ ಹೆಣೆದುಕೊಂಡಿರುತ್ತವೆ. ತಿಪ್ಪೆಯ ಕಸವು ಗೊಬ್ಬರವಾಗುವುದರಲ್ಲಿ ಇವುಗಳ ದುಡಿಮೆಯೂ ಇದೆ. ಹೀಗಿರುವುದರಿಂದ ಬೂಷ್ಟಿನ ಕುಲವನ್ನೆಲ್ಲ ಶತ್ರುವೆಂದು ಭಾವಿಸುವುದು ಕೃತಘ್ನತೆಯಾದೀತು. ಲೆಕ್ಕವಿಲ್ಲದಷ್ಟು ಜಾತಿಗಳಲ್ಲಿ ಎಲ್ಲೋ ಕೆಲವು ಮಾತ್ರ, ದಾರಿ ತಪ್ಪಿ ಪ್ರಾಣಿಯ ದೇಹವನ್ನು ಹೊಕ್ಕಾಗ ರೋಗವನ್ನು ಉಂಟುಮಾಡುತ್ತವೆ.

3. ಅಮೆರಿಕದ ಕಣಿವೆ ಜ್ವರ

ಅಂತಹ ಜಾತಿಗಳಲ್ಲಿ ಒಂದರ ಹೆಸರು ಕಾಕ್ಸಿಡಿಯಾಯ್ಡಿಸ್. ಇದು ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯದ ಒಣನಾಡು, ಮೆಕ್ಸಿಕೋ, ಮತ್ತು ಮಧ್ಯ ಹಾಗೂ ದಕ್ಷಿಣ ಅಮೆರಿಕದ ಕೆಲವು ಪ್ರದೇಶಗಳ ಮಣ್ಣಿನಲ್ಲಿ ನೆಲಸಿದೆ. ಮಳೆ ಬಿದ್ದಾಗ ಮಣ್ಣಿನೊಳಗೆ ನೂಲಿನಂತೆ ಬೆಳೆಯುತ್ತದೆ. ಬೇಸಗೆಯಲ್ಲಿ ಆ ನೂಲು ಒಣಗಿ ಚೂರುಚೂರಾಗಿ ಒಡೆಯುತ್ತದೆ. ಉಳುವಾಗ, ಅಡಿಪಾಯ ತೋಡುವಾಗ ಅಥವಾ ಗಾಳಿ ಬೀಸುವಾಗ ಆ ಚೂರುಗಳು ಧೂಳಿನೊಡನೆ ಮೇಲೆದ್ದು ಉಸಿರಿನ ಮೂಲಕ ಶ್ವಾಸಕೋಶವನ್ನು ಸೇರುತ್ತವೆ. ಅಲ್ಲಿ ಅವು ರೂಪವನ್ನು ಬದಲಿಸಿ ದುಂಡಾದ ಕೋಶಗಳಾಗುತ್ತವೆ. ಪ್ರತಿಯೊಂದು ಕೋಶದೊಳಗೂ ನೂರಾರು ಸಣ್ಣ ಕಣಗಳು ಹುಟ್ಟಿ, ಕೋಶವು ಬಿರಿದಾಗ ಹೊರಬಿದ್ದು ಹರಡುತ್ತವೆ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಹೆಚ್ಚಾಗಿ ಕಾಣಿಸಿದ್ದರಿಂದ ಇದಕ್ಕೆ ಕಣಿವೆ ಜ್ವರವೆಂದು ಹೆಸರಾಯಿತು. ಸೋಂಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಯಾವ ತೊಂದರೆಯೂ ತೋರುವುದಿಲ್ಲ. ಕೆಲವರಿಗೆ ಜ್ವರ, ಕೆಮ್ಮು, ಆಯಾಸಗಳು ಬರುತ್ತವೆ. ಅಪರೂಪವಾಗಿ ರೋಗವು ಮೂಳೆ, ಚರ್ಮ, ಮಿದುಳಿನ ಪೊರೆಗಳಿಗೆ ಹರಡಿ ಪ್ರಾಣಾಂತಿಕವಾಗುತ್ತದೆ.

ಈ ರೋಗವನ್ನು ಕಂಡುಹಿಡಿದ ಕಥೆಯೇ ಒಂದು ಪಾಠ. 1892ರಲ್ಲಿ ಅರ್ಜೆಂಟೀನಾ ದೇಶದ ಅಲೆಹಾಂದ್ರೊ ಪೊಸಾದಾಸ್ ಎಂಬ ವೈದ್ಯ ವಿದ್ಯಾರ್ಥಿಯು ಒಬ್ಬ ಸೈನಿಕನಲ್ಲಿ ಇದನ್ನು ಮೊದಲು ವರ್ಣಿಸಿದನು. ಸೂಕ್ಷ್ಮದರ್ಶಕದಲ್ಲಿ ಕಂಡ ದುಂಡು ಕೋಶಗಳನ್ನು ವೈದ್ಯರು ಒಂದು ಬಗೆಯ ಸೂಕ್ಷ್ಮ ಪ್ರಾಣಿಯೆಂದು ಭಾವಿಸಿದರು. ರೋಗಿಯ ಕೀವನ್ನು ಬೆಳೆಸಿದಾಗಲೆಲ್ಲ ಬೂಷ್ಟು ಏಳುತ್ತಿತ್ತು. ಅದು ಹೊರಗಿನಿಂದ ಬಿದ್ದ ಕಸವೆಂದು ತಿಳಿದು ಎಸೆದುಬಿಡುತ್ತಿದ್ದರು. ಆ ಕಸವೇ ರೋಗದ ಕಾರಣವೆಂದು 1900ರಲ್ಲಿ ಕ್ಯಾಲಿಫೋರ್ನಿಯಾದ ಓಫ್ಯೂಲ್ಸ್ ಮತ್ತು ಮಾಫಿಟ್ ಎಂಬ ವೈದ್ಯರು ತೋರಿಸಿಕೊಟ್ಟರು. ಎಂಟು ವರ್ಷಗಳ ಕಾಲ ಕಾರಣವು ಮೇಜಿನ ಮೇಲೆಯೇ ಇದ್ದು ಯಾರ ಕಣ್ಣಿಗೂ ಕಾರಣವಾಗಿ ಕಾಣಲಿಲ್ಲ!

ಇನ್ನು ಮಂಗಗಳ ವಿಷಯ. ಆ ನಾಡುಗಳ ಮೃಗಾಲಯಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ಸಾಕಿದ ರೀಸಸ್ ಕೋತಿ, ಬಬೂನ್, ಚಿಂಪಾಂಜಿ, ಗೊರಿಲ್ಲಾ ಮೊದಲಾದವುಗಳಲ್ಲಿ ಈ ಬೂಷ್ಟುರೋಗವು ದಾಖಲೆಯಾಗಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅರಿಜೋನಾ ಪ್ರಾಂತದ ಮೇಸಾ ನಗರದ ಬಳಿ ಸಾಕಿದ್ದ ಹಂದಿಬಾಲದ ಕೋತಿಗಳಲ್ಲಿ ಇದು ಹರಡಿದ್ದ ಸಂಗತಿಯು 2021ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಈ ಪ್ರಾಣಿಗಳಲ್ಲಿ ಯಾವುದೂ ಆ ಮಣ್ಣಿನ ಮೂಲನಿವಾಸಿಯಲ್ಲ. ಏಷ್ಯಾ ಮತ್ತು ಆಫ್ರಿಕಾಗಳ ಕಾಡುಗಳಿಂದ ಅವುಗಳ ಹಿರಿಯರನ್ನು ಹಿಡಿದು ಹಡಗಿನಲ್ಲಿಯೂ ವಿಮಾನದಲ್ಲಿಯೂ ಸಾಗಿಸಲಾಯಿತು. ನಮ್ಮ ದೇಶದಿಂದಲೂ ಅಸಂಖ್ಯಾತ ರೀಸಸ್ ಕೋತಿಗಳು ಹೀಗೆ ರಫ್ತಾಗುತ್ತಿದ್ದವು. 1978ರಲ್ಲಿ ಭಾರತ ಸರ್ಕಾರವು ಆ ರಫ್ತನ್ನು ನಿಷೇಧಿಸಿತು. ಪರದೇಶದ ಬಯಲು ಪಂಜರದಲ್ಲಿ ಕುಳಿತ ಕೋತಿಯು ಅಲ್ಲಿನ ಧೂಳನ್ನು ಉಸಿರಾಡದೆ ಬೇರೇನು ಮಾಡೀತು?

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಈ ರೋಗವು ಸಾಮಾನ್ಯವಾಗಿ ಒಂದು ಮಂಗದಿಂದ ಇನ್ನೊಂದಕ್ಕಾಗಲಿ, ಮಂಗದಿಂದ ಮನುಷ್ಯನಿಗಾಗಲಿ ಹರಡುವುದಿಲ್ಲ. ಪಂಜರದ ಮಂಗವೂ ಅದಕ್ಕೆ ಆಹಾರ ಹಾಕುವ ಆಳೂ ಇಬ್ಬರೂ ರೋಗಿಗಳಾದರೆ, ಇಬ್ಬರೂ ಒಂದೇ ಧೂಳನ್ನು ಉಸಿರಾಡಿದರೆಂದು ತಿಳಿಯಬೇಕು. ಅಲ್ಲಿ ಮಂಗವನ್ನು ಕೊಂದರೆ ಮಣ್ಣು ಶುದ್ಧವಾಗುವುದಿಲ್ಲ.

4. ನಮ್ಮ ತಮಿಳುನಾಡಿನ ಮಣ್ಣಿನ ಬೂಷ್ಟು

ಕಣಿವೆ ಜ್ವರದ ಬೂಷ್ಟು ನೆಲಸಿರುವುದು ಅಮೆರಿಕ ಖಂಡಗಳ ಮಣ್ಣಿನಲ್ಲಿ. ಆದರೆ ಮಣ್ಣಿನಿಂದ ಬರುವ ಬೂಷ್ಟುರೋಗವೇ ನಮಗಿಲ್ಲವೆಂದು ಸಮಾಧಾನಪಡುವಂತಿಲ್ಲ. ಮನುಷ್ಯರನ್ನು ಪೀಡಿಸುವ ಅಂತಹ ಒಂದು ರೋಗಕ್ಕೆ ಇಡೀ ಲೋಕದ ವೈದ್ಯರು ನಮ್ಮ ರಾಜ್ಯದ ಒಂದು ಊರಿನ ಹೆಸರನ್ನೇ ಇಟ್ಟಿದ್ದಾರೆ. 1842ರಲ್ಲಿ ಮದುರೆಯಲ್ಲಿದ್ದ ಜಾನ್ ಗಿಲ್ ಎಂಬ ವೈದ್ಯನು ವರ್ಣಿಸಿದ ಈ ಪಾದರೋಗವು "ಮದುರಾ ಫೂಟ್", ಅಂದರೆ ಮದುರೆಯ ಪಾದ ಎಂದು ಪ್ರಸಿದ್ಧವಾಯಿತು. ಇದಕ್ಕೆ ಬೂಷ್ಟು ಕಾರಣವೆಂದು 1860ರ ಸುಮಾರಿನಲ್ಲಿ ಮುಂಬಯಿಯ ವ್ಯಾಂಡೈಕ್ ಕಾರ್ಟರ್ ಎಂಬ ವೈದ್ಯನು ತಿಳಿಸಿದನು. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಂದಲೂ ಇದೇ ರೂಪದ ರೋಗವು ಬರುವುದೆಂದು ಅನಂತರ ತಿಳಿದುಬಂದಿತು.

ಬರಿಗಾಲಿನಲ್ಲಿ ನಡೆಯುವ ರೈತನಿಗೆ ಜಾಲಿಮುಳ್ಳು ಚುಚ್ಚುತ್ತದೆ. ಮುಳ್ಳಿನೊಡನೆ ಮಣ್ಣಿನ ಕಣವೂ ಒಳಸೇರುತ್ತದೆ. ತಿಂಗಳುಗಳು ಕಳೆದ ಮೇಲೆ ಅಲ್ಲಿ ನೋವಿಲ್ಲದ ಗಂಟು ಏಳುತ್ತದೆ. ನೋವಿಲ್ಲವಾದ್ದರಿಂದ ಯಾರೂ ಲಕ್ಷ್ಯ ಕೊಡುವುದಿಲ್ಲ. ಕ್ರಮೇಣ ಪಾದವು ಊದಿ, ತೂತುಗಳಾಗಿ, ಕೀವಿನೊಡನೆ ಕಪ್ಪು, ಬಿಳಿ ಅಥವಾ ಹಳದಿ ಬಣ್ಣದ ಸಣ್ಣ ಕಾಳುಗಳು ಹೊರಬರುತ್ತವೆ. ತಡವಾದರೆ ಮೂಳೆಯೂ ಕೆಟ್ಟು ಪಾದವನ್ನೇ ಕತ್ತರಿಸಬೇಕಾಗುತ್ತದೆ. ಸೊಳ್ಳೆಯಿಂದ ಬರುವ ಆನೆಕಾಲು ರೋಗವೇ ಬೇರೆ, ಇದೇ ಬೇರೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಉಪೇಕ್ಷಿತವೆಂಬ ಮಾತು ಸಾರ್ಥಕವಾಗಿದೆ. ಏಕೆಂದರೆ ಈ ರೋಗವು ಚಪ್ಪಲಿಯಿಲ್ಲದವರನ್ನೇ ಹುಡುಕಿಕೊಂಡು ಬರುತ್ತದೆ.

5. ಕ್ಯಾಸನೂರಿನ ಕಾಡು

ಇದುವರೆಗೆ ಹೇಳಿದುದು ಮಣ್ಣಿನ ಬೂಷ್ಟಿನ ವಿಚಾರ. ಇನ್ನು ಮುಂದೆ ಹೇಳುವ ರೋಗಕ್ಕೆ ಬೂಷ್ಟು ಕಾರಣವಲ್ಲ. ಅದಕ್ಕಿಂತಲೂ ಎಷ್ಟೋ ಪಾಲು ಸಣ್ಣದಾದ ವೈರಸ್ ಅಥವಾ ವಿಷಾಣು ಕಾರಣ. ಆದರೂ ಇದನ್ನು ಇಲ್ಲಿಯೇ ಹೇಳಬೇಕು. ಏಕೆಂದರೆ ಇದೂ ಮಂಗಕ್ಕೆ ನೆಲದ ಕಡೆಯಿಂದಲೇ ಬರುವಂಥದು. ಇದರ ಹುಟ್ಟೂರು ಕನ್ನಡನಾಡು. ಮತ್ತು ಇದರಲ್ಲಿ ಮಂಗನ ಮೇಲೆ ಹೊರಿಸಿದ ಅಪವಾದವು ರೋಗದ ಹೆಸರಿನಲ್ಲಿಯೇ ನಿಂತುಬಿಟ್ಟಿದೆ. ಇದೇ ಮಂಗನ ಕಾಯಿಲೆ.

1957ರ ಬೇಸಗೆಯ ಆರಂಭದಲ್ಲಿ, ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಅದೇ ಸಮಯದಲ್ಲಿ ಆ ಕಾಡಿಗೆ ಸೌದೆ ಸೊಪ್ಪುಗಳಿಗಾಗಿ ಹೋಗುತ್ತಿದ್ದ ಹಳ್ಳಿಗರಿಗೆ ತೀವ್ರವಾದ ಜ್ವರ ಬಂದು ಕೆಲವರು ತೀರಿಕೊಂಡರು. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಸಂಬಂಧವಿದೆಯೆಂಬುದನ್ನು ಆ ಹಳ್ಳಿಗಳ ಜನರೇ ಗಮನಿಸಿದ್ದರು. 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಟೆಲ್ಫರ್ಡ್ ವರ್ಕ್ ಎಂಬವರ ಮುಂದಾಳುತನದಲ್ಲಿ ಅಲ್ಲಿಗೆ ಧಾವಿಸಿದರು.

ಅವರ ಮನಸ್ಸಿನಲ್ಲಿ ಒಂದು ದೊಡ್ಡ ಭಯವಿತ್ತು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಹಳದಿ ಜ್ವರವೆಂಬ ಭೀಕರ ರೋಗವಿದೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ತಲೆದೋರಿದಾಗ ಮೊದಲು ಮಂಗಗಳು ಸಾಯುತ್ತವೆ, ಅನಂತರ ಮನುಷ್ಯರು. ಅದನ್ನು ಹರಡುವ ಸೊಳ್ಳೆಯು ಭಾರತದಲ್ಲಿ ಹೇರಳವಾಗಿದೆ. ಆದರೆ ಆ ರೋಗವು ಮಾತ್ರ ಎಂದೂ ಇಲ್ಲಿ ಕಾಲಿಟ್ಟಿಲ್ಲ. ಕ್ಯಾಸನೂರಿನಲ್ಲಿ ಅದೇ ಬಂದಿರಬಹುದೆ ಎಂಬುದು ಅವರ ಶಂಕೆಯಾಗಿತ್ತು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವಿಷಾಣುವನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲವೆಂದು ಸ್ಪಷ್ಟವಾಯಿತು. ಲೋಕಕ್ಕೆ ಅದುವರೆಗೆ ತಿಳಿಯದಿದ್ದ ಹೊಸ ವಿಷಾಣು ಅದು; ರಷ್ಯಾದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳು ಜ್ವರದ ವಿಷಾಣುವಿಗೆ ಹತ್ತಿರದ ಬಂಧು. ಶಾಸ್ತ್ರಗ್ರಂಥಗಳಲ್ಲಿ ಈ ರೋಗಕ್ಕೆ ಕ್ಯಾಸನೂರು ಕಾಡಿನ ರೋಗವೆಂದು ಹೆಸರಾಯಿತು. ಪುಣೆಯ ಆ ಕೇಂದ್ರವನ್ನು ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯೆಂದು ಕರೆಯುತ್ತಾರೆ.

6. ಉಣ್ಣಿಯ ಸಂಚಾರ

ದನಗಳ ಕಿವಿಯಲ್ಲಿ, ಕೆಚ್ಚಲ ಬಳಿಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಉಣ್ಣಿಯನ್ನು ರೈತರ ಮಕ್ಕಳು ಬಲ್ಲರು. ಮಲೆನಾಡಿನವರು ಅದನ್ನು ಉಣುಗು ಎನ್ನುತ್ತಾರೆ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣಿ. ಅದರ ಬಾಳಿನ ಕ್ರಮವನ್ನು ತಿಳಿದರೆ ರೋಗದ ಕ್ರಮವು ತಾನಾಗಿಯೇ ತಿಳಿಯುತ್ತದೆ.

ಮಳೆಗಾಲದಲ್ಲಿ ಬೆಳೆದ ಹೆಣ್ಣು ಉಣ್ಣಿಯು ದನ ಮೊದಲಾದ ದೊಡ್ಡ ಪ್ರಾಣಿಗಳ ರಕ್ತವನ್ನು ಕುಡಿದು, ನೆಲಕ್ಕೆ ಉದುರಿ, ತರಗೆಲೆಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಮಳೆ ನಿಂತ ಬಳಿಕ ಆರು ಕಾಲಿನ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗ ಮೊದಲಾದವುಗಳ ಮೈಯನ್ನು ಹತ್ತುತ್ತವೆ. ಆ ಇಲಿಗೋ ಮಂಗಕ್ಕೋ ವಿಷಾಣು ಇದ್ದರೆ ಅದು ಮರಿಯನ್ನು ಸೇರುತ್ತದೆ. ಮರಿಯು ಮತ್ತೆ ನೆಲಕ್ಕೆ ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣ್ಣಿಯಾಗುತ್ತದೆ. ವಿಷಾಣು ಅದರೊಳಗೆ ಹಾಗೆಯೇ ಉಳಿದಿರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಳ್ಳಿಗಿಂತಲೂ ಸಣ್ಣದಾದ ಈ ಎಳೆಯ ಉಣ್ಣಿಯೇ ತರಗೆಲೆಯ ಮೇಲೆ ಕಾದಿದ್ದು ಮನುಷ್ಯನನ್ನು ಕಚ್ಚುವುದು. ಮಲೆನಾಡಿನ ಜನರು ಅಡಿಕೆಯ ತೋಟಕ್ಕೆ, ಕೊಟ್ಟಿಗೆಗೆ ತರಗೆಲೆ ಒಟ್ಟುವುದೂ, ಸೌದೆ ತರುವುದೂ ಅದೇ ತಿಂಗಳುಗಳಲ್ಲಿ. ಕಾಯಿಲೆಯು ಸುಗ್ಗಿಯ ಜೊತೆಗೆ ಬರುವುದಕ್ಕೆ ಇದೇ ಕಾರಣ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತಾಗಿ ಜ್ವರ, ಸಹಿಸಲಾಗದ ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿ, ಕೆಲವರಲ್ಲಿ ಮೂಗು ಒಸಡುಗಳಿಂದ ರಕ್ತಸ್ರಾವ ಕಾಣುತ್ತವೆ. ಜ್ವರ ಬಿಟ್ಟಿತೆಂದು ಸಂತೋಷಪಟ್ಟವರಲ್ಲಿ ಕೆಲವರಿಗೆ ಒಂದೆರಡು ವಾರಗಳ ಅನಂತರ ಅದು ಮರುಕಳಿಸಿ ಮಿದುಳನ್ನು ಬಾಧಿಸುತ್ತದೆ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ವಿಷಾಣುವನ್ನು ನೇರವಾಗಿ ಕೊಲ್ಲುವ ಔಷಧವಿಲ್ಲ; ಆದರೆ ಬೇಗನೆ ಆಸ್ಪತ್ರೆಗೆ ಸೇರಿದವರಲ್ಲಿ ಬಹುಮಂದಿ ಉಪಚಾರದಿಂದ ಗುಣಹೊಂದುತ್ತಾರೆ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದು ಅನ್ಯಾಯ.

ಹಾಗಾದರೆ ಮಂಗನ ಪಾತ್ರವೇನು? ಕಾಡಿನ ಇಲಿ, ಮೂಗಿಲಿಗಳು ವಿಷಾಣುವನ್ನು ಹೊತ್ತರೂ ಹೆಚ್ಚು ಬಾಧೆಪಡುವುದಿಲ್ಲ. ಮಂಗವಾದರೋ ನಮ್ಮಂತೆಯೇ ನರಳಿ ಸಾಯುತ್ತದೆ. ಮುಸುವಗಳಂತೂ ಇನ್ನೂ ಸುಲಭವಾಗಿ ಬಲಿಯಾಗುತ್ತವೆ. ಮಂಗವು ಸತ್ತು ಅದರ ಮೈ ತಣ್ಣಗಾದೊಡನೆ, ಅದರ ಮೇಲಿದ್ದ ಉಣ್ಣಿಗಳು ಇಳಿದು ಸುತ್ತಲಿನ ನೆಲದಲ್ಲಿ ಚದರುತ್ತವೆ. ಆದ್ದರಿಂದ ಮಂಗ ಸತ್ತು ಬಿದ್ದ ಜಾಗವೇ ಅತ್ಯಂತ ಅಪಾಯದ ಜಾಗ. ಅದರ ಸುತ್ತ 50 ಮೀಟರಿನವರೆಗೆ ಕೀಟನಾಶಕದ ಪುಡಿಯನ್ನು ಎರಚುವ ಪದ್ಧತಿ ಇರುವುದು ಇದರಿಂದಲೇ. ನಮ್ಮ ಭಕ್ತಿಯ ಮೆರವಣಿಗೆಯು ಹೊರಡುವುದೂ ಅದೇ ಜಾಗದಿಂದ ಎಂಬುದನ್ನು ಓದುಗರು ನೆನೆಯಬೇಕು.

7. ರೋಗವು ನಡೆದ ದಾರಿ

ಮೊದಲ ಹಲವು ವರ್ಷಗಳ ಕಾಲ ಸೊರಬ, ಸಾಗರ, ಶಿಕಾರಿಪುರಗಳ ಕಡೆಯಲ್ಲಿಯೇ ಇದ್ದ ಈ ಕಾಯಿಲೆಯು ಬರಬರುತ್ತ ಪಶ್ಚಿಮ ಘಟ್ಟದ ಉದ್ದಕ್ಕೂ ಹಬ್ಬಿತು. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಪ್ರದೇಶದ ಸುತ್ತ ಸಾವಿರಕ್ಕೂ ಹೆಚ್ಚು ಜನರು ರೋಗಕ್ಕೆ ತುತ್ತಾದರು. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳ ದೇಹಗಳನ್ನು ಮುಟ್ಟಿ ಸುಡುವ ಕೆಲಸ ಮಾಡಿದವರಿಗೇ ಜ್ವರ ಬಂದಿತು. ಅದರ ಹಿಂದೆಯೇ ನಮ್ಮ ತಮಿಳುನಾಡಿನ ನೀಲಗಿರಿಯ ಕಾಡಿನಲ್ಲಿ ಸತ್ತ ಮಂಗಗಳಲ್ಲಿಯೂ, ಕೇರಳದ ವಯನಾಡಿನಲ್ಲಿಯೂ, ಮುಂದೆ ಗೋವಾ ಮತ್ತು ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ವಿಷಾಣು ಕಂಡುಬಂದಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮತ್ತೆ ಹಲವರು ಪ್ರಾಣ ಕಳೆದುಕೊಂಡರು.

1957ರಲ್ಲಿಯೇ ಏಕೆ ರೋಗವು ಹೊರಬಿದ್ದಿತು ಎಂಬುದನ್ನು ಹಾರ್ಹೆ ಬೊಷೆಲ್ ಎಂಬ ಕೊಲಂಬಿಯಾ ದೇಶದ ವಿಜ್ಞಾನಿಯು ವಿಚಾರಮಾಡಿ 1969ರಲ್ಲಿ ಬರೆದನು. ವಿಷಾಣು ಆ ಕಾಡಿನಲ್ಲಿ ಇಲಿಗಳಲ್ಲಿಯೂ ಉಣ್ಣಿಗಳಲ್ಲಿಯೂ ಬಹುಕಾಲದಿಂದ ಸದ್ದಿಲ್ಲದೆ ಇದ್ದಿರಬೇಕು. ಜನಸಂಖ್ಯೆ ಬೆಳೆದು, ಕಾಡನ್ನು ಕಡಿದು, ದನಗಳನ್ನು ಒಳಗೆ ಮೇಯಲು ಬಿಟ್ಟಾಗ ಉಣ್ಣಿಗಳಿಗೆ ಹೇರಳವಾದ ರಕ್ತ ದೊರೆಯಿತು. ಅವು ಮಿತಿಮೀರಿ ಹೆಚ್ಚಿದವು. ರೋಗದ ಬಾಗಿಲನ್ನು ತೆರೆದುದು ಕೊಡಲಿಯೇ ಎಂದು ಇದರಿಂದ ತಿಳಿಯುತ್ತದೆ.

ಈ ಕಾಯಿಲೆಗೆ ಒಂದು ಲಸಿಕೆಯನ್ನು ಕರ್ನಾಟಕದಲ್ಲಿ 1990ರಿಂದ ಕೊಡುತ್ತಿದ್ದರು. ಅದರ ಶಕ್ತಿಯು ಸಾಲದೆಂದು ಕಂಡುಬಂದುದರಿಂದ 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಪ್ರಯತ್ನವು ನಡೆದಿದೆ. ಅದು ಕೈಸೇರುವವರೆಗೆ ತಿಳಿವಳಿಕೆಯೇ ಮುಖ್ಯವಾದ ರಕ್ಷೆ.

8. ಹೆಸರಿನಿಂದ ಬಂದ ಅಪವಾದ

ಮಂಗನ ಕಾಯಿಲೆ ಎಂಬ ಹೆಸರನ್ನು ಕೇಳಿದವನು ಮಂಗವೇ ಅದನ್ನು ಹಂಚುತ್ತದೆಯೆಂದು ಭಾವಿಸುವುದು ಸಹಜ. ಇಂತಹ ಭಾವನೆಯಿಂದ ಏನಾಗುವುದೆಂಬುದಕ್ಕೆ ಬ್ರೆಜಿಲ್ ದೇಶವು ಉದಾಹರಣೆ. 2017 ಮತ್ತು 2018ರಲ್ಲಿ ಅಲ್ಲಿ ಹಳದಿ ಜ್ವರವು ಹಬ್ಬಿದಾಗ ಜನರು ಮಂಗಗಳನ್ನು ಬಡಿದೂ ವಿಷವಿಕ್ಕಿಯೂ ಕೊಂದರು. ಜ್ವರವನ್ನು ತಂದದ್ದು ಸೊಳ್ಳೆ. ಕಾಡಿನಲ್ಲಿ ಜ್ವರ ಬಂದಿದೆಯೆಂದು ಮೊದಲು ಸಾರುತ್ತಿದ್ದದ್ದು ಮಂಗಗಳ ಸಾವು. ಅವುಗಳನ್ನು ಕೊಂದವರು ಊರಿನ ಕಾವಲುಗಾರನನ್ನೇ ಕೊಂದಂತಾಯಿತು. 2022ರಲ್ಲಿ ಮಂಗಸಿಡುಬು ಎಂಬ ರೋಗವು ಲೋಕದಲ್ಲಿ ಹರಡಿದಾಗಲೂ ಅದೇ ದೇಶದಲ್ಲಿ ಮಂಗಗಳ ಮೇಲೆ ಕೈಮಾಡಿದರು. 1958ರಲ್ಲಿ ಡೆನ್ಮಾರ್ಕಿನ ಒಂದು ಪ್ರಯೋಗಾಲಯದ ಮಂಗಗಳಲ್ಲಿ ಮೊದಲು ಕಂಡಿತೆಂಬ ಒಂದೇ ಕಾರಣಕ್ಕೆ ಆ ಹೆಸರು ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2022ರ ನವೆಂಬರಿನಲ್ಲಿ ಆ ಹೆಸರನ್ನೇ ಬದಲಾಯಿಸಿತು.

ಕ್ಯಾಸನೂರಿನ ಹಳ್ಳಿಗರು 1957ರಲ್ಲಿ ಸತ್ತ ಮಂಗಗಳನ್ನು ಗಮನಿಸದೆ ಇದ್ದಿದ್ದರೆ ಆ ಜ್ವರದ ಗುಟ್ಟು ಇನ್ನೆಷ್ಟು ಕಾಲ ಮುಚ್ಚಿಹೋಗಿರುತ್ತಿತ್ತೋ! ನ್ಯಾಯಸ್ಥಾನದಲ್ಲಿ ಸಾಕ್ಷಿ ಹೇಳಲು ಬಂದವನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

9. ನಾವು ಮಾಡತಕ್ಕ ಕೆಲಸಗಳು

ನಮ್ಮ ಊರಿನ ಸುತ್ತ ಸಾನಮಾವು ಕಾಡು ಇದೆ. ದನ ಮೇಯಿಸುವವರೂ ಸೌದೆ ತರುವವರೂ ಇದ್ದಾರೆ. ಮಲೆನಾಡಿನಲ್ಲಿ ನೆಂಟರುಳ್ಳವರೂ ದುಡಿಮೆಗಾಗಿ ಘಟ್ಟದ ಕಡೆ ಹೋಗುವವರೂ ಇದ್ದಾರೆ. ಆದ್ದರಿಂದ ಕೆಳಗಿನ ನಿಯಮಗಳನ್ನು ಮನೆಯಲ್ಲಿ ಓದಿ ಹೇಳಬೇಕೆಂದು ವಿದ್ಯಾರ್ಥಿಗಳನ್ನು ಕೋರುತ್ತೇವೆ.

ಒಂದು: ಸತ್ತ ಅಥವಾ ತೂಕಡಿಸುತ್ತಿರುವ ಮಂಗವನ್ನು ಮುಟ್ಟಬಾರದು, ಹತ್ತಿರ ನಿಂತು ನೋಡಲೂ ಬಾರದು. ಜಾಗವನ್ನು ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅವರು ಪರೀಕ್ಷಿಸಿ ಸಂಸ್ಕಾರ ಮಾಡಿದ ಬಳಿಕ ದೂರದಿಂದ ಕೈಮುಗಿದರೂ ಭಕ್ತಿಗೆ ಕುಂದಿಲ್ಲ.

ಎರಡು: ರೋಗವಿರುವ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಉಣ್ಣಿನಿರೋಧಕ ತೈಲವನ್ನು ಹಚ್ಚಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಅಂತಹ ಕಾಡಿನ ತರಗೆಲೆಯನ್ನು ಮನೆಯ ಬಳಿ ರಾಶಿ ಹಾಕಬಾರದು.

ಮೂರು: ಮೈಗೆ ಕಚ್ಚಿದ ಉಣ್ಣಿಯನ್ನು ಬೆರಳಿನಿಂದ ಹಿಸುಕದೆ, ಚಿಮುಟದಿಂದ ಚರ್ಮದ ಬಳಿಯಲ್ಲೇ ಹಿಡಿದು ನೇರವಾಗಿ ಎಳೆದು ತೆಗೆದು, ಸೋಪಿನಿಂದ ತೊಳೆಯಬೇಕು.

ನಾಲ್ಕು: ಕಾಡಿಗೆ ಹೋಗಿಬಂದ ಬಳಿಕ ಜ್ವರ ಬಂದರೆ ವೈದ್ಯರಿಗೆ "ಇಂತಹ ಕಡೆ ಹೋಗಿದ್ದೆ" ಎಂಬುದನ್ನು ಮರೆಯದೆ ಹೇಳಬೇಕು. ಆ ಒಂದು ಮಾತಿನಿಂದ ಪ್ರಾಣವು ಉಳಿಯಬಹುದು.

ಐದು: ಹೊಲಕ್ಕೆ ಚಪ್ಪಲಿಯಿಲ್ಲದೆ ಹೋಗಬಾರದು. ಮುಳ್ಳು ಚುಚ್ಚಿದರೆ ಪೂರ್ತಿಯಾಗಿ ತೆಗೆದು ತೊಳೆಯಬೇಕು. ಪಾದದಲ್ಲಿ ನೋವಿಲ್ಲದ ಗಂಟು ಬೆಳೆಯುತ್ತಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ಆಸ್ಪತ್ರೆಗೆ ತೋರಿಸಬೇಕು. ಮಕ್ಕಳಿಗೆ ಹಬ್ಬಕ್ಕೆ ಹೊಸ ಬಟ್ಟೆ ಕೊಳ್ಳುವ ತಂದೆತಾಯಿಗಳು ಮೊದಲು ಒಂದು ಜೊತೆ ಚಪ್ಪಲಿ ಕೊಳ್ಳುವುದು ಲೇಸು.

ಆರು: ಮಂಗಗಳಿಗೆ ಕೈಯಾರೆ ತಿಂಡಿ ಕೊಡಬಾರದು. ಅದರಿಂದ ಅವು ಕಾಡಿನ ಹಣ್ಣನ್ನು ಮರೆತು ಊರಿಗೆ ಬೀಳುತ್ತವೆ. ಕಚ್ಚುವ, ಪರಚುವ ಸಂದರ್ಭಗಳೂ ಹೆಚ್ಚುತ್ತವೆ. ಅವುಗಳನ್ನು ಹೊಡೆಯುವುದಂತೂ ಸಲ್ಲದು.

ವಿದ್ಯಾರ್ಥಿಗಳು ಉತ್ತರಿಸಬೇಕಾದ ಪ್ರಶ್ನೆಗಳು

1. ಮಂಗಕ್ಕೂ ಮನುಷ್ಯನಿಗೂ ಒಂದೇ ರೋಗ ಬಂದರೆ ಒಬ್ಬರಿಂದ ಇನ್ನೊಬ್ಬರಿಗೆ ಬಂದಿತೆಂದು ಏಕೆ ಹೇಳಲಾಗದು? ಕಣಿವೆ ಜ್ವರದ ಉದಾಹರಣೆಯಿಂದ ವಿವರಿಸಿರಿ.

2. ಕಣಿವೆ ಜ್ವರದ ಕಾರಣವು ಎಂಟು ವರ್ಷಗಳ ಕಾಲ ತಿಳಿಯದೆ ಉಳಿದುದೇಕೆ?

3. ಉಣ್ಣಿಯ ಬಾಳಿನ ನಾಲ್ಕು ಅವಸ್ಥೆಗಳ ಚಿತ್ರ ಬರೆದು, ಪ್ರತಿಯೊಂದೂ ಯಾವ ಕಾಲದಲ್ಲಿ ಬರುವುದೆಂದು ಗುರುತಿಸಿರಿ.

4. ಮಂಗನ ಕಾಯಿಲೆಗೆ ನೀವೇ ಹೆಸರಿಡುವುದಾದರೆ ಏನೆಂದು ಇಡುವಿರಿ? ಕಾರಣವನ್ನು ಕೊಡಿರಿ.

5. ನಿಮ್ಮ ಮನೆಯ ಹಿರಿಯರಲ್ಲಿ ಎಷ್ಟು ಮಂದಿ ಹೊಲಕ್ಕೆ ಬರಿಗಾಲಿನಲ್ಲಿ ಹೋಗುತ್ತಾರೆ? ಈ ಪಾಠವನ್ನು ಅವರಿಗೆ ಓದಿ ಹೇಳಿ, ಅವರು ಕೊಟ್ಟ ಉತ್ತರವನ್ನು ನಿಮ್ಮ ನೋಟು ಪುಸ್ತಕದಲ್ಲಿ ಬರೆದು ತನ್ನಿರಿ.